ಕೀಲಿಕೈ ಬರ್ಲಿನ್ನಿನಲ್ಲಿತ್ತು

1915ರ ಮೇ 1ರ ಬೆಳಿಗ್ಗೆ ನ್ಯೂಯಾರ್ಕಿನ ದಿನಪತ್ರಿಕೆ ಬಿಡಿಸಿದವರ ಕಣ್ಣಿಗೆ ಒಂದು ಪುಟ್ಟ ಪ್ರಕಟಣೆ ಬಿತ್ತು. ಕೆಲವು ಪತ್ರಿಕೆಗಳಲ್ಲಿ ಅದು ಕ್ಯೂನಾರ್ಡ್ ಹಡಗು ಕಂಪನಿಯ ಜಾಹೀರಾತಿಗೆ ಅಂಟಿಕೊಂಡೇ ಇತ್ತು. ಜಾಹೀರಾತಿನಲ್ಲಿ ಲೂಸಿಟೇನಿಯಾ ಇಂದು ಹೊರಡಲಿದೆ ಎಂದಿತ್ತು. ಪಕ್ಕದ ಪ್ರಕಟಣೆಯಲ್ಲಿ, ಬ್ರಿಟನ್ನಿನ ಸುತ್ತಲ ಕಡಲು ಯುದ್ಧವಲಯ, ಅಲ್ಲಿ ಬ್ರಿಟಿಷ್ ಬಾವುಟದ ಹಡಗಿನಲ್ಲಿ ಹೋಗುವವರು ತಮ್ಮ ಜೀವಕ್ಕೆ ತಾವೇ ಹೊಣೆ ಎಂದಿತ್ತು. ಕೆಳಗೆ ವಾಷಿಂಗ್ಟನ್ನಿನ ಜರ್ಮನ್ ರಾಯಭಾರ ಕಚೇರಿಯ ಹೆಸರು. ಓದಿದ ಪ್ರಯಾಣಿಕರಲ್ಲಿ ಟಿಕೆಟ್ ರದ್ದು ಮಾಡಿಸಿದವರು ಬೆರಳೆಣಿಕೆಯಷ್ಟು.

ಆರು ದಿನಗಳ ನಂತರ, ಮೇ 7ರ ಮಧ್ಯಾಹ್ನ, ಐರ್ಲೆಂಡಿನ ಕಿನ್ಸೇಲ್ ಭೂಶಿರದಾಚೆ ಯು-20 ಎಂಬ ಜರ್ಮನ್ ಸಬ್‌ಮರೀನ್ ಹೊಡೆದ ಒಂದೇ ಟಾರ್ಪಿಡೊಗೆ ಆ ಹಡಗು 18 ನಿಮಿಷಗಳಲ್ಲಿ ಮುಳುಗಿತು. ಸುಮಾರು 1,200 ಜನ ಸತ್ತರು. ಅವರಲ್ಲಿ 128 ಮಂದಿ ಅಮೆರಿಕನ್ನರು. ಹಡಗಿನ ಒಡಲಲ್ಲಿ ಬ್ರಿಟಿಷ್ ಸೈನ್ಯಕ್ಕೆಂದು ಹೊರಟಿದ್ದ ಬಂದೂಕಿನ ತೋಟಾಗಳ ಸುಮಾರು 4,200 ಪೆಟ್ಟಿಗೆಗಳಿದ್ದವು.

ನಮ್ಮ ಶಾಲಾಪುಸ್ತಕಗಳ ನೆನಪಿನಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ: ಜರ್ಮನರು ಲೂಸಿಟೇನಿಯಾ ಮುಳುಗಿಸಿದರು, ಅಮೆರಿಕ ಯುದ್ಧಕ್ಕೆ ಇಳಿಯಿತು. ನಿಜದಲ್ಲಿ ಇವೆರಡರ ನಡುವೆ 23 ತಿಂಗಳುಗಳಿವೆ. ಮೂರು ಸಾವಿರ ಮೈಲಿ ಆಚೆಯ ಜಗಳಕ್ಕೆ ತಲೆ ಹಾಕುವುದಿಲ್ಲ ಎಂದು ಗಟ್ಟಿಯಾಗಿ ಹೇಳಿಕೊಂಡಿದ್ದ ದೇಶ ಆ ಜಗಳದ ನಡುಮನೆಗೆ ಹೇಗೆ ಬಂತು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಈ ತಿಂಗಳುಗಳಲ್ಲಿ. ಇತಿಹಾಸಕಾರರು ಶತಮಾನದಿಂದ ಇದರ ಮೇಲೆ ಜಗ್ಗಾಡುತ್ತಿದ್ದಾರೆ. 1930ರ ದಶಕದಲ್ಲಿ ವಾಲ್ಟರ್ ಮಿಲ್ಲಿಸ್, ಚಾರ್ಲ್ಸ್ ಟ್ಯಾನ್ಸಿಲ್ ಅಂಥವರು ಬ್ಯಾಂಕು, ಮದ್ದುಗುಂಡಿನ ಕಾರ್ಖಾನೆ, ಬ್ರಿಟಿಷ್ ಪ್ರಚಾರಗಳತ್ತ ಬೆರಳು ಮಾಡಿದರು. ಚಾರ್ಲ್ಸ್ ಸೆಮೂರ್ ಅದೆಲ್ಲ ಅಲ್ಲ, ಕಾರಣ ಸಬ್‌ಮರೀನ್ ಒಂದೇ ಎಂದರು. ಬಾರ್ಬರಾ ಟಕ್‌ಮನ್ ಒಂದು ತಂತಿ ಸಂದೇಶದ ಸುತ್ತ ಪತ್ತೇದಾರಿ ಕಾದಂಬರಿಯಷ್ಟು ಸೊಗಸಾದ ಪುಸ್ತಕ ಬರೆದರು. 1959ರಲ್ಲಿ ಅರ್ನೆಸ್ಟ್ ಮೇ ಅವರು ವಾಷಿಂಗ್ಟನ್, ಲಂಡನ್, ಬರ್ಲಿನ್ ಮೂರೂ ಕಡೆಯಿಂದ ಕಥೆ ಹೇಳಿದರು. ಅಲ್ಲಿ ಕೆಟ್ಟವರು ಸಿಗುವುದಿಲ್ಲ, ಸಿಕ್ಕಿಹಾಕಿಕೊಂಡವರು ಸಿಗುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಅದೇ ದಾರಿ. ಆದರೆ ಹಣದ ವಾದ, ಸಬ್‌ಮರೀನ್ ವಾದ ಎಂದು ಎರಡು ಗುಂಪು ಮಾಡಿ ಕುಸ್ತಿ ಬಿಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಇವೆರಡೂ ಒಂದೇ ಹಗ್ಗದ ಎರಡು ಎಳೆಗಳು.

ಮೊದಲಿಂದ ನೋಡೋಣ. 1914ರ ಆಗಸ್ಟ್ 4ರಂದು ಅಧ್ಯಕ್ಷ ವುಡ್ರೊ ವಿಲ್ಸನ್ ತಾಟಸ್ಥ್ಯ ಘೋಷಿಸಿದರು. ಎರಡು ವಾರದ ನಂತರ ಒಂದು ಹೆಜ್ಜೆ ಮುಂದೆ ಹೋಗಿ, ನಡೆಯಲ್ಲಷ್ಟೇ ಅಲ್ಲ, ಮನಸ್ಸಿನಲ್ಲೂ ಯಾರ ಪಕ್ಷವನ್ನೂ ವಹಿಸಬೇಡಿ ಎಂದು ಜನರನ್ನು ಕೇಳಿಕೊಂಡರು. ಈ ಕೋರಿಕೆಯ ಹಿಂದೆ ಇದ್ದುದು ಆದರ್ಶಕ್ಕಿಂತ ಹೆಚ್ಚಾಗಿ ಮನೆಯೊಳಗಿನ ಭಯ. 1910ರ ಜನಗಣತಿಯಂತೆ 9.2 ಕೋಟಿ ಜನರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ತಾವೇ ಹೊರದೇಶದಲ್ಲಿ ಹುಟ್ಟಿದವರು, ಇಲ್ಲವೇ ಹಾಗೆ ಹುಟ್ಟಿದವರ ಮಕ್ಕಳು. ಮಿಲ್ವಾಕಿಯ ಜರ್ಮನ್ ಕುಟುಂಬ ಕೈಸರನ ಪರ, ಬಾಸ್ಟನ್ನಿನ ಐರಿಷ್ ಕುಟುಂಬ ಬ್ರಿಟನ್ನಿಗೆ ಎದುರಾದ ಯಾರದೇ ಪರ, ಪೂರ್ವ ಕರಾವಳಿಯ ಹಳೆಯ ಇಂಗ್ಲಿಷ್ ಮನೆತನಗಳು ಲಂಡನ್ನಿನ ಪರ. ಯುರೋಪಿನ ಜಗಳ ಬೀದಿಗೆ ಬಂದರೆ ದೇಶವೇ ಒಡೆಯುತ್ತದೆ ಎಂಬ ಅಂಜಿಕೆ ವಿಲ್ಸನ್‌ಗೆ ಇತ್ತು.

(ನಮ್ಮವರಿಗೆ ಹೀಗೆ ಅಂಜುವ ಅವಕಾಶವೂ ಇರಲಿಲ್ಲ. ದೊರೆ ಲಂಡನ್ನಿನಲ್ಲಿ ಯುದ್ಧ ಸಾರಿದ, ಭಾರತ ತಾನಾಗಿಯೇ ಯುದ್ಧದಲ್ಲಿತ್ತು. ಆ ವರ್ಷವೇ ಮೈಸೂರಿನ ಲ್ಯಾನ್ಸರ್ಸ್ ಕುದುರೆಪಡೆ ಈಜಿಪ್ಟಿಗೆ ಹೊರಟಿತು. ತಟಸ್ಥರಾಗಿರಬೇಕೋ ಬೇಡವೋ ಎಂದು ತಲೆಕೆಡಿಸಿಕೊಳ್ಳುವುದಕ್ಕೂ ಸ್ವಂತದ್ದೊಂದು ದೇಶ ಬೇಕು.)

ಮನಸ್ಸಿನ ತಾಟಸ್ಥ್ಯಕ್ಕೆ ಮೊದಲ ಪೆಟ್ಟು ಬಿದ್ದದ್ದು ಕಡಲ ತಳದಲ್ಲಿ. ಯುದ್ಧ ಸಾರಿದ ಕೆಲವೇ ಗಂಟೆಗಳಲ್ಲಿ, ಆಗಸ್ಟ್ 5ರ ಬೆಳಗಿನ ಜಾವ, ಅಲರ್ಟ್ ಎಂಬ ಬ್ರಿಟಿಷ್ ಹಡಗು ಇಂಗ್ಲಿಷ್ ಕಾಲುವೆಯಲ್ಲಿದ್ದ ಜರ್ಮನ್ ತಂತಿಗಳನ್ನು ಕೊಕ್ಕೆ ಹಾಕಿ ಎಳೆದು ಕತ್ತರಿಸಿತು. ಅಂದಿನಿಂದ ಅಮೆರಿಕಕ್ಕೆ ಯುದ್ಧದ ಸುದ್ದಿ ಹೆಚ್ಚಾಗಿ ಲಂಡನ್ನಿನ ಸೆನ್ಸಾರ್ ಕತ್ತರಿ ದಾಟಿಯೇ ಬರಬೇಕಾಯಿತು. ಬೆಲ್ಜಿಯಂನಲ್ಲಿ ಜರ್ಮನರು ನಡೆಸಿದ ಹತ್ಯೆಗಳು ಸುಳ್ಳಲ್ಲ. ಲೂವೆನ್‌ನ ಗ್ರಂಥಾಲಯ ಸುಟ್ಟದ್ದೂ ನಿಜ. ಅದರ ಮೇಲೆ ಕಟ್ಟಿದ ಕಥೆಗಳೂ ಬೇಕಾದಷ್ಟಿದ್ದವು. ಆದರೂ ಪ್ರಚಾರಕ್ಕೆ ಅತಿಯಾದ ಶಕ್ತಿ ಕೊಡುವವರ ಜೊತೆ ನಾನಿಲ್ಲ. ಮಧ್ಯಪಶ್ಚಿಮದ ರೈತ ಈ ಸುದ್ದಿಗಳನ್ನೆಲ್ಲ ಓದಿ ಮರುಗಿದ. ಮಗನನ್ನು ಕಳಿಸಲು ಮಾತ್ರ ತಯಾರಾಗಲಿಲ್ಲ. ಅನುಕಂಪ ಯಾರ ಕಡೆ ಹರಿಯಬೇಕು ಎಂಬುದನ್ನು ಪ್ರಚಾರ ತೀರ್ಮಾನಿಸಿತು, ಅಷ್ಟೆ.

ದುಡ್ಡಿನ ವಿಷಯ ಹಾಗಲ್ಲ. 1914ರಲ್ಲಿ ಅಮೆರಿಕದ ವ್ಯಾಪಾರ ಮಂಕಾಗಿತ್ತು. ಯುದ್ಧ ಶುರುವಾದಾಗ ನ್ಯೂಯಾರ್ಕಿನ ಷೇರುಪೇಟೆ ತಿಂಗಳುಗಟ್ಟಲೆ ಬಾಗಿಲು ಹಾಕಿತು. ಯುರೋಪಿಗೆ ಆ ದೇಶ ಸಾಲಗಾರ. ಆಗಿನ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್. ಮೂರು ಬಾರಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತವರು, ಭಾಷಣಪ್ರಿಯರು, ಪಟ್ಟಣದ ಬುದ್ಧಿವಂತರ ಹಾಸ್ಯಕ್ಕೆ ಸದಾ ಗುರಿಯಾದವರು. ಯುದ್ಧದ ಮೊದಲ ವಾರಗಳಲ್ಲೇ ಅವರು ಒಂದು ಮಾತು ಹೇಳಿದರು: ನಿಷಿದ್ಧ ಸರಕುಗಳಲ್ಲೆಲ್ಲ ಕೆಟ್ಟದ್ದು ಹಣ, ಏಕೆಂದರೆ ಉಳಿದೆಲ್ಲ ಸರಕನ್ನೂ ಅದು ಕೊಳ್ಳುತ್ತದೆ, ಕಾದಾಡುವವರಿಗೆ ಸಾಲ ಕೊಡುವುದು ತಾಟಸ್ಥ್ಯಕ್ಕೆ ತಕ್ಕುದಲ್ಲ. ಮೂರು ತಿಂಗಳೂ ಆಗಿರಲಿಲ್ಲ, ಸಾಲ ಬೇರೆ, ವ್ಯಾಪಾರದ ಅನುಕೂಲಕ್ಕೆ ಕೊಡುವ ಉದ್ರಿ ಬೇರೆ ಎಂಬ ವಾದ ಹುಟ್ಟಿಕೊಂಡಿತು. ಉದ್ರಿಗೆ ಅಡ್ಡಿಯಿಲ್ಲ ಎಂದು ವಿಲ್ಸನ್ ಸದ್ದಿಲ್ಲದೆ ತಲೆದೂಗಿದರು. ಕಿರಾಣಿ ಅಂಗಡಿ ನಡೆಸಿದ ಯಾರನ್ನು ಕೇಳಿದರೂ ಈ ಭೇದಕ್ಕೆ ಎಷ್ಟು ದಿನದ ಆಯುಸ್ಸು ಎಂದು ಹೇಳಿಯಾರು. 1915ರ ಅಕ್ಟೋಬರಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಅಮೆರಿಕದ ಪೇಟೆಯಲ್ಲಿ 50 ಕೋಟಿ ಡಾಲರ್ ಸಾಲ ಎತ್ತಿದವು. ಅಷ್ಟರಲ್ಲಿ ಬ್ರಯನ್ ಹುದ್ದೆಯಲ್ಲಿರಲಿಲ್ಲ.

1915ರ ಜನವರಿಯಿಂದ ಜೆ.ಪಿ. ಮಾರ್ಗನ್ ಸಂಸ್ಥೆ ಬ್ರಿಟಿಷ್ ಸರ್ಕಾರದ ಖರೀದಿ ಏಜೆಂಟ್ ಆಯಿತು. ಕುದುರೆ, ಗೋಧಿ, ತಾಮ್ರ, ಹತ್ತಿ, ಶೆಲ್ಲು, ತೋಟಾ ಎಲ್ಲವೂ ಅದರ ಮೂಲಕ. ಖರೀದಿಯ ಒಟ್ಟು ಮೊತ್ತ ಸುಮಾರು 300 ಕೋಟಿ ಡಾಲರ್, ಕಮಿಷನ್ ಶೇಕಡಾ 1. ಬ್ರಿಟನ್, ಫ್ರಾನ್ಸ್‌ಗಳ ಮಿತ್ರಕೂಟಕ್ಕೆ ಹೋಗುತ್ತಿದ್ದ ಅಮೆರಿಕದ ರಫ್ತು 1914ರಲ್ಲಿ 82 ಕೋಟಿ ಡಾಲರಿನಷ್ಟಿದ್ದದ್ದು 1916ಕ್ಕೆ 320 ಕೋಟಿಗೆ ಏರಿತು. ಜರ್ಮನಿ ಮತ್ತು ಆಸ್ಟ್ರಿಯಾಕ್ಕೆ ಹೋಗುತ್ತಿದ್ದದ್ದು 17 ಕೋಟಿಯಿಂದ ಇಳಿದು ಇಳಿದು ಕೊನೆಗೆ ಸುಮಾರು ಹತ್ತು ಲಕ್ಷ ಡಾಲರಿಗೆ ಬಂತು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ತಟಸ್ಥ ದೇಶದ ಪ್ರಜೆಗಳು ಇಬ್ಬರಿಗೂ ಮಾಲು ಮಾರಬಹುದು. ಜರ್ಮನಿ ಬಂದು ಕೇಳಿದ್ದರೆ ಅದಕ್ಕೂ ಕೊಡುತ್ತಿದ್ದರು. ಅಂಗಡಿ ಎಲ್ಲರಿಗೂ ತೆರೆದಿತ್ತು. ಅಂಗಡಿಗೆ ಬರುವ ದಾರಿಯಲ್ಲಿ ಮಾತ್ರ ಬ್ರಿಟನ್ನಿನ ನೌಕಾಪಡೆ ಲಾಠಿ ಹಿಡಿದು ಕೂತಿತ್ತು.

ಆ ದಾರಿ ಕಾಯುವ ಕೆಲಸದಲ್ಲಿ ಬ್ರಿಟನ್ ಕಾನೂನನ್ನು ಸಾಕಷ್ಟು ತುಳಿಯಿತು. 1914ರ ನವೆಂಬರಿನಲ್ಲಿ ಇಡೀ ಉತ್ತರ ಸಮುದ್ರವನ್ನು ಸೇನಾ ವಲಯ ಎಂದು ಸಾರಿತು. ಆಹಾರವನ್ನೂ ನಿಷಿದ್ಧ ಸರಕಿನ ಪಟ್ಟಿಗೆ ಎಳೆದುಕೊಂಡಿತು. ಅಮೆರಿಕದ ಹಡಗುಗಳನ್ನು ತನ್ನ ಬಂದರಿಗೆ ಕರೆದೊಯ್ದು ವಾರಗಟ್ಟಲೆ ನಿಲ್ಲಿಸಿಕೊಂಡಿತು, ಅಂಚೆ ಚೀಲಗಳನ್ನು ಬಿಚ್ಚಿ ಓದಿತು. ವಾಷಿಂಗ್ಟನ್ ಆಕ್ಷೇಪಣೆ ಪತ್ರಗಳನ್ನು ಕಳಿಸುತ್ತಲೇ ಇತ್ತು. ಲಂಡನ್ನಿನಲ್ಲಿದ್ದ ಅಮೆರಿಕದ ರಾಯಭಾರಿ ವಾಲ್ಟರ್ ಪೇಜ್ ಅಂಥದೊಂದು ಪತ್ರವನ್ನು ಬ್ರಿಟಿಷ್ ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇ ಅವರಿಗೆ ಓದಿ ಹೇಳಿ, ಇದು ನನಗೂ ಒಪ್ಪಿಗೆಯಿಲ್ಲ, ಇದಕ್ಕೆ ಏನು ಉತ್ತರ ಬರೆಯೋಣ ಯೋಚಿಸೋಣ ಎಂದರಂತೆ. ಗ್ರೇ ತಮ್ಮ ನೆನಪುಗಳಲ್ಲಿ ಇದನ್ನು ದಾಖಲಿಸಿದ್ದಾರೆ. ಹತ್ತಿಯ ವಿಷಯದಲ್ಲಂತೂ ಬ್ರಿಟನ್ ಜಾಣತನ ತೋರಿತು. 1915ರ ಆಗಸ್ಟಿನಲ್ಲಿ ಹತ್ತಿಯನ್ನು ನಿಷಿದ್ಧ ಎಂದು ಸಾರುವ ಹೊತ್ತಿಗೆ, ಬೆಲೆ ಬೀಳದಷ್ಟು ಹತ್ತಿಯನ್ನು ತಾನೇ ಕೊಳ್ಳುವ ಏರ್ಪಾಟೂ ಮಾಡಿತ್ತು. ದಕ್ಷಿಣದ ಬೆಳೆಗಾರನ ಸಿಟ್ಟು ಅಲ್ಲಿಗೆ ಆರಿತು.

ಬ್ರಿಟನ್ ಮಾಡಿದ ತಪ್ಪಿನಲ್ಲಿ ಅಮೆರಿಕನ್ನರಿಗೆ ಮಾಲು ನಷ್ಟ. ಆ ಲೆಕ್ಕವನ್ನು ಯುದ್ಧ ಮುಗಿದ ಮೇಲೆ ಪರಿಹಾರ ಕೊಟ್ಟು ಚುಕ್ತಾ ಮಾಡಬಹುದು. ಜರ್ಮನಿ ಮಾಡಿದ ತಪ್ಪಿನಲ್ಲಿ ಜೀವ ನಷ್ಟ. 1915ರ ಫೆಬ್ರವರಿ 4ರಂದು ಜರ್ಮನಿ ತನ್ನ ಯುದ್ಧವಲಯ ಘೋಷಿಸಿದ ಒಂದು ವಾರದೊಳಗೆ ವಿಲ್ಸನ್ ಎಚ್ಚರಿಕೆ ಕೊಟ್ಟರು: ಅಮೆರಿಕದ ಹಡಗಿಗೆ, ಪ್ರಜೆಗಳಿಗೆ ಆಗುವ ಹಾನಿಗೆ ಜರ್ಮನಿ ಕಟ್ಟುನಿಟ್ಟಾಗಿ ಉತ್ತರ ಕೊಡಬೇಕಾದೀತು. ಬ್ರಿಟನ್ನಿಗೆ ಈ ಧಾಟಿಯ ಪತ್ರ ಹೋಗಲೇ ಇಲ್ಲ. ಜೀವ ದೊಡ್ಡದೋ ಮಾಲು ದೊಡ್ಡದೋ ಎಂದು ಕೇಳಿದರೆ ಯಾರಾದರೂ ಜೀವ ಎನ್ನುತ್ತಾರೆ, ವಿಲ್ಸನ್ ಹೇಳಿದ್ದೂ ಅದನ್ನೇ. ತೊಡಕು ಇದ್ದದ್ದು ಮುಂದಿನ ಹೆಜ್ಜೆಯಲ್ಲಿ. ಅಮೆರಿಕದ ಹಡಗಿನಲ್ಲಿರುವ ಅಮೆರಿಕನ್ನನನ್ನು ಕಾಯುವುದು ಒಂದು ಮಾತು. ಕಾದಾಡುವ ದೇಶವೊಂದರ, ತೋಟಾ ತುಂಬಿದ ಹಡಗಿನಲ್ಲಿ ಪ್ರಯಾಣ ಮಾಡುವ ಅಮೆರಿಕನ್ನನ ಹಕ್ಕನ್ನು ಇಡೀ ದೇಶದ ಮಾನದ ಪ್ರಶ್ನೆ ಮಾಡುವುದು ಬೇರೆಯೇ ಮಾತು.

ಬ್ರಯನ್ ಹಿಡಿದದ್ದು ಇದೇ ಎಳೆಯನ್ನು. ಲೂಸಿಟೇನಿಯಾ ಮುಳುಗಿದ ಮೇಲೆ ಅವರು ವಿಲ್ಸನ್‌ಗೆ ಹೇಳಿದ್ದರ ಸಾರ ಇಷ್ಟು: ಸೈನ್ಯವೊಂದು ಹೆಂಗಸರು ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ಹೋಗುವ ಹಾಗೆ, ಮದ್ದುಗುಂಡು ಸಾಗಿಸುವ ಹಡಗು ಪ್ರಯಾಣಿಕರನ್ನು ರಕ್ಷಣೆಗೆ ಇಟ್ಟುಕೊಳ್ಳುವಂತಿಲ್ಲ; ನಮ್ಮ ಜನ ಅಂಥ ಹಡಗು ಹತ್ತದಂತೆ ನಾವೇ ತಡೆಯೋಣ; ಜರ್ಮನಿಗೆ ಬರೆಯುವುದಾದರೆ ಬ್ರಿಟನ್ನಿಗೂ ಅಷ್ಟೇ ಖಾರವಾಗಿ ಬರೆಯೋಣ. ವಿಲ್ಸನ್ ಒಪ್ಪಲಿಲ್ಲ. ಲೂಸಿಟೇನಿಯಾ ಕುರಿತ ಎರಡನೆಯ ಪತ್ರಕ್ಕೆ ಸಹಿ ಹಾಕಲಾರೆ ಎಂದು 1915ರ ಜೂನ್‌ನಲ್ಲಿ ಬ್ರಯನ್ ರಾಜೀನಾಮೆ ಕೊಟ್ಟರು. ಪತ್ರಿಕೆಗಳು ಅವರನ್ನು ಹೇಡಿ, ದ್ರೋಹಿ ಎಂದು ಹರಿದು ಹಾಕಿದವು. ಅವರ ಜಾಗಕ್ಕೆ ಬಂದ ರಾಬರ್ಟ್ ಲ್ಯಾನ್ಸಿಂಗ್, ಜರ್ಮನಿ ಗೆಲ್ಲಬಾರದು ಎಂದು ಒಳಗೊಳಗೇ ತೀರ್ಮಾನಿಸಿಕೊಂಡಿದ್ದ ಮನುಷ್ಯ. 1916ರ ವಸಂತಕಾಲಕ್ಕೆ ಮುಂಚೆ ಗೋರ್ ಮತ್ತು ಮ್ಯಾಕ್‌ಲೆಮೋರ್ ಎಂಬ ಇಬ್ಬರು ಬ್ರಯನ್ ಮಾತನ್ನೇ ಕಾಂಗ್ರೆಸ್ಸಿನಲ್ಲಿ ನಿರ್ಣಯವಾಗಿ ತಂದರು. ಒಂದು ಹಕ್ಕು ಬಿಟ್ಟರೆ ಉಳಿದ ಹಕ್ಕುಗಳೂ ಹಿಂದೆಯೇ ಹೋಗುತ್ತವೆ ಎಂದು ವಿಲ್ಸನ್ ಪಟ್ಟು ಹಿಡಿದು ಅದನ್ನು ಮೂಲೆಗೆ ತಳ್ಳಿಸಿದರು.

ಮಾರ್ಚ್ 24ರಂದು ಫ್ರಾನ್ಸಿನ ಸಸೆಕ್ಸ್ ಎಂಬ ಪ್ರಯಾಣಿಕರ ಹಡಗಿಗೆ ಟಾರ್ಪಿಡೊ ಬಿತ್ತು, ಗಾಯಗೊಂಡವರಲ್ಲಿ ಅಮೆರಿಕನ್ನರೂ ಇದ್ದರು. ಈ ರೀತಿ ನಿಲ್ಲಿಸದಿದ್ದರೆ ಸಂಬಂಧ ಕಡಿದುಕೊಳ್ಳುತ್ತೇವೆ ಎಂದು ವಿಲ್ಸನ್ ಗಡುವಿನ ಮಾತಾಡಿದರು. ಮೇ 4ರಂದು ಜರ್ಮನಿ ತಗ್ಗಿತು: ಎಚ್ಚರಿಕೆ ಕೊಡದೆ ವ್ಯಾಪಾರಿ ಹಡಗು ಮುಳುಗಿಸುವುದಿಲ್ಲ, ಆದರೆ ಬ್ರಿಟನ್ನಿನ ದಿಗ್ಬಂಧನವನ್ನೂ ನೀವು ಸಡಿಲಗೊಳಿಸಬೇಕು, ಇಲ್ಲದಿದ್ದರೆ ನಮ್ಮ ಮಾತು ಹಿಂದಕ್ಕೆ. ವಿಲ್ಸನ್ ಮಾತನ್ನು ತೆಗೆದುಕೊಂಡರು, ಷರತ್ತನ್ನು ಬಿಟ್ಟರು. ಅಮೆರಿಕದಲ್ಲಿ ಇದು ಶಾಂತಿಯ ಗೆಲುವು ಎಂದು ಸಂಭ್ರಮ. ನನ್ನ ಓದಿನಲ್ಲಿ ಅಮೆರಿಕ ತನ್ನ ಮನೆಯ ಕೀಲಿಕೈಯನ್ನು ಪರರ ಕೈಗಿಟ್ಟದ್ದು ಅಂದು. ಸಂಬಂಧ ಕಡಿದುಕೊಳ್ಳುತ್ತೇವೆ ಎಂದು ಲೋಕದೆದುರು ಹೇಳಿಯಾಗಿತ್ತು. ಇನ್ನು ಯುದ್ಧವೋ ಶಾಂತಿಯೋ ಎಂಬುದನ್ನು ಬರ್ಲಿನ್ನಿನ ಅಡ್ಮಿರಲ್ಲುಗಳು ಯಾವ ದಿನ ಬೇಕಾದರೂ ತೀರ್ಮಾನಿಸಬಹುದಿತ್ತು.

ಜರ್ಮನರೂ ಅಮೆರಿಕದ ನೆಲದಲ್ಲಿ ಸುಮ್ಮನಿರಲಿಲ್ಲ. 1915ರ ಜುಲೈ 24ರಂದು ನ್ಯೂಯಾರ್ಕಿನ ಮೇಲ್ಸೇತುವೆ ರೈಲಿನಲ್ಲಿ ಹೈನ್‌ರಿಷ್ ಆಲ್ಬರ್ಟ್ ಎಂಬ ಜರ್ಮನ್ ಅಧಿಕಾರಿ ತೂಕಡಿಸುತ್ತಿದ್ದ. ನಿಲ್ದಾಣ ಬಂದಾಗ ಗಡಬಡಿಸಿ ಎದ್ದವನು ಚೀಲ ಮರೆತ. ಅವನ ಬೆನ್ನಿಗೇ ಇದ್ದ ಅಮೆರಿಕದ ಗುಪ್ತದಳದ ಫ್ರಾಂಕ್ ಬರ್ಕ್ ಅದನ್ನೆತ್ತಿಕೊಂಡು ಇನ್ನೊಂದು ಬಾಗಿಲಿನಿಂದ ಇಳಿದ. ಆಲ್ಬರ್ಟ್ ಅಟ್ಟಿಸಿಕೊಂಡು ಹೊರಟಾಗ, ಬರ್ಕ್ ಚಲಿಸುವ ಟ್ರಾಮಿಗೆ ಜಿಗಿದು, ಹಿಂದೆ ಓಡಿಬರುವವನಿಗೆ ಹುಚ್ಚು, ನಿಲ್ಲಿಸಬೇಡ ಎಂದು ನಿರ್ವಾಹಕನಿಗೆ ಹೇಳಿದ. ಆಗಸ್ಟ್‌ನಲ್ಲಿ ಆ ಚೀಲದ ಕಾಗದಗಳು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಸರಣಿಯಾಗಿ ಬಂದವು: ಪತ್ರಿಕೆಗಳಿಗೆ ಹಣ, ಮದ್ದುಗುಂಡು ಮಿತ್ರಕೂಟಕ್ಕೆ ಸಿಗದಂತೆ ಮಾಡುವ ಉಪಾಯಗಳು. 1916ರ ಜುಲೈ 30ರ ಬೆಳಗಿನ ಜಾವ ನ್ಯೂಯಾರ್ಕ್ ಬಂದರಿನ ಬ್ಲ್ಯಾಕ್ ಟಾಮ್‌ನಲ್ಲಿದ್ದ ಮದ್ದುಗುಂಡಿನ ದಾಸ್ತಾನು ಸಿಡಿದು ಸ್ವಾತಂತ್ರ್ಯ ಪ್ರತಿಮೆಗೂ ಪೆಟ್ಟು ಬಿತ್ತು. ಅಂದು ಮುಚ್ಚಿದ ಪ್ರತಿಮೆಯ ಪಂಜಿನ ದಾರಿ ಜನರಿಗೆ ಮತ್ತೆ ತೆರೆಯಲಿಲ್ಲ.

ಈ ಗುಪ್ತಲೋಕಕ್ಕೆ ಭಾರತದ ಎಳೆಯೂ ಇದೆ. ಬ್ರಿಟಿಷರ ವಿರುದ್ಧ ದಂಗೆಗೆ ಹೊರಟಿದ್ದ ಗದರ್ ಪಕ್ಷಕ್ಕೆ ಜರ್ಮನ್ ಹಣದಿಂದ ಕೊಂಡ ಬಂದೂಕುಗಳು ಆನಿ ಲಾರ್ಸನ್ ಹಡಗಿನಲ್ಲಿ 1915ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸಿಕ್ಕಿಬಿದ್ದವು. ಅಮೆರಿಕ ತಟಸ್ಥವಾಗಿದ್ದಾಗ ಈ ಪ್ರಕರಣ ಕುಂಟುತ್ತಿತ್ತು. ಯುದ್ಧಕ್ಕೆ ಇಳಿದೊಡನೆ ಬಂಧನಗಳಾಗಿ, 1917ರ ನವೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ವಿಚಾರಣೆ ಶುರುವಾಯಿತು. ಮರುವರ್ಷದ ಏಪ್ರಿಲ್‌ನಲ್ಲಿ ನ್ಯಾಯಾಲಯದೊಳಗೇ ಆರೋಪಿ ರಾಮಚಂದ್ರರನ್ನು ಸಹ ಆರೋಪಿಯೊಬ್ಬ ಗುಂಡಿಟ್ಟು ಕೊಂದ. ಮುಂದೆ ಹುಬ್ಬಳ್ಳಿಯಿಂದ ಹಿಂದೂಸ್ತಾನಿ ಸೇವಾದಳ ನಡೆಸಿದ ನಮ್ಮ ನಾ.ಸು. ಹರ್ಡೀಕರರು ಅದೇ ಕಾಲದಲ್ಲಿ ಅಮೆರಿಕದಲ್ಲಿ ಓದುತ್ತಾ, ಲಾಲಾ ಲಜಪತರಾಯರ ಜೊತೆ ಹೋಂ ರೂಲ್ ಲೀಗಿನ ಕೆಲಸ ಮಾಡುತ್ತಿದ್ದರು. ತಾಟಸ್ಥ್ಯ ಮುಗಿದ ದೇಶದಲ್ಲಿ ಬ್ರಿಟನ್ನಿನ ವಿರೋಧಿಯಾಗಿರುವುದರ ಬಿಸಿ ಏನೆಂಬುದು ಆ ಭಾರತೀಯರಿಗೆ ಚೆನ್ನಾಗಿ ಗೊತ್ತಿತ್ತು.

1916ರ ನವೆಂಬರಿನಲ್ಲಿ ವಿಲ್ಸನ್ ಮರುಆಯ್ಕೆಯಾದರು. ನಮ್ಮನ್ನು ಯುದ್ಧದಿಂದ ದೂರ ಇಟ್ಟವರು ಎಂಬುದೇ ಅವರ ಪಕ್ಷದ ಘೋಷಣೆ. ಕ್ಯಾಲಿಫೋರ್ನಿಯಾದ ಸುಮಾರು 3,800 ಮತಗಳ ಅಂತರವೇ ಗೆಲುವನ್ನು ನಿರ್ಧರಿಸಿತು. ಸಾಲದಾಸೆಗೆ ಯುದ್ಧಕ್ಕೆ ಬಿದ್ದರು ಎನ್ನುವವರು ಇದೇ ತಿಂಗಳನ್ನು ಸರಿಯಾಗಿ ನೋಡಬೇಕು. ಅಕ್ಟೋಬರಿನಲ್ಲಿ ಬ್ರಿಟಿಷ್ ಖಜಾನೆಯ ಜಾನ್ ಮೇನಾರ್ಡ್ ಕೇನ್ಸ್ ತಮ್ಮ ಮೇಲಿನವರಿಗೆ ಲೆಕ್ಕ ಕೊಟ್ಟಿದ್ದರು: ಯುದ್ಧಕ್ಕೆ ದಿನಕ್ಕೆ ಬೇಕಾದ 50 ಲಕ್ಷ ಪೌಂಡಿನಲ್ಲಿ 20 ಲಕ್ಷವನ್ನು ಉತ್ತರ ಅಮೆರಿಕದಲ್ಲೇ ಹೊಂದಿಸಬೇಕು. ನವೆಂಬರ್ 28ರಂದು ಅಮೆರಿಕದ ಫೆಡರಲ್ ರಿಸರ್ವ್ ಮಂಡಳಿ, ಅಡಮಾನವಿಲ್ಲದ ಹೊರದೇಶದ ಸಾಲಪತ್ರಗಳ ಬಗ್ಗೆ ಹುಷಾರು ಎಂದು ಬ್ಯಾಂಕುಗಳಿಗೆ ಹೇಳಿತು. ಆ ಎಚ್ಚರಿಕೆಯ ಮಾತು ಇನ್ನಷ್ಟು ಬಿಗಿಯಾಗಲಿ ಎಂದವರು ಸ್ವತಃ ವಿಲ್ಸನ್. ಸಾಲ ಕೊಟ್ಟವನು ಸಾಲಗಾರನ ಜುಟ್ಟು ಹಿಡಿದು ಇಬ್ಬರನ್ನೂ ಸಂಧಾನಕ್ಕೆ ಎಳೆಯಲು ಹೊರಟಿದ್ದ ಸಮಯ ಅದು. ಲಂಡನ್ ಬೆವರುತ್ತಿತ್ತು.

ಅದೇ ಹೊತ್ತಿಗೆ ಜರ್ಮನಿ ಲಂಡನ್ನನ್ನು ಪಾರು ಮಾಡಿತು. ನೌಕಾಪಡೆಯ ಮುಖ್ಯಸ್ಥ ಹೋಲ್ಟ್‌ಸೆಂಡಾರ್ಫ್ ಡಿಸೆಂಬರಿನಲ್ಲಿ ಒಂದು ಲೆಕ್ಕದ ಪಟ್ಟಿ ಮುಂದಿಟ್ಟ: ತಿಂಗಳಿಗೆ 6 ಲಕ್ಷ ಟನ್ ಹಡಗು ಮುಳುಗಿಸಿದರೆ ಬ್ರಿಟನ್ ಐದು ತಿಂಗಳಲ್ಲಿ ಸೋಲುತ್ತದೆ. ಅಮೆರಿಕ ಬಂದರೆ? ಚಾನ್ಸಲರ್ ಬೆತ್‌ಮನ್ ಹೋಲ್‌ವೆಗ್ ಕೇಳುತ್ತಿದ್ದ ಪ್ರಶ್ನೆ ಇದು. ಸೇನಾಪತಿಗಳ ಉತ್ತರ ಸರಳ: ಅಮೆರಿಕ ಮಾಡಬಹುದಾದ್ದನ್ನೆಲ್ಲ ಈಗಲೇ ಮಾಡುತ್ತಿದೆ. ಹಣ, ಅನ್ನ, ತೋಟಾ ಎಲ್ಲವೂ ಶತ್ರುವಿಗೆ ಹೋಗುತ್ತಿವೆ. ಸೈನ್ಯವೆಂಬುದು ಅದಕ್ಕೆ ಇಲ್ಲ, ಬಂದರೂ ಹೊತ್ತಿಗೆ ಬರುವುದಿಲ್ಲ. 1917ರ ಜನವರಿ 9ರಂದು ಪ್ಲೆಸ್ ಅರಮನೆಯಲ್ಲಿ, ಎಚ್ಚರಿಕೆಯಿಲ್ಲದೆ ಹಡಗು ಮುಳುಗಿಸುವ ಆಜ್ಞೆಗೆ ಕೈಸರ್ ಸಹಿ ಹಾಕಿದ. ಹಣದ ಎಳೆ ಮತ್ತು ಸಬ್‌ಮರೀನಿನ ಎಳೆ ಹೊಸೆದುಕೊಂಡದ್ದು ಇಲ್ಲಿ. ಮಾರ್ಗನ್ನನ ಸಾಲ ವಿಲ್ಸನ್‌ರನ್ನು ಯುದ್ಧಕ್ಕೆ ದೂಡಲಿಲ್ಲ, ಆದರೆ ಆ ಸಾಲದಿಂದ ಹರಿದ ಸರಕನ್ನು ನೋಡಿಯೇ ಅಮೆರಿಕವನ್ನು ಕೆಣಕಿದರೆ ಕಳೆದುಕೊಳ್ಳುವುದೇನೂ ಇಲ್ಲ ಎಂದು ಜರ್ಮನರು ಎಣಿಸಿದರು. ಏಪ್ರಿಲ್‌ವರೆಗಿನ ಲೆಕ್ಕದಲ್ಲಿ ಮಿತ್ರಕೂಟಕ್ಕೆ ಹೋದ ಅಮೆರಿಕದ ಸಾಲ ಸುಮಾರು 230 ಕೋಟಿ ಡಾಲರ್, ಜರ್ಮನಿಗೆ 2.7 ಕೋಟಿ. ಬರ್ಲಿನ್ನಿನಲ್ಲಿ ಕೂತವನಿಗೆ ಈ ದೇಶ ತಟಸ್ಥ ಎಂದು ಹೇಗೆ ಕಂಡೀತು?

ಆಮೇಲಿನದು ಬೇಗಬೇಗ ನಡೆಯಿತು. ಜನವರಿ 22ರಂದು ವಿಲ್ಸನ್ ಯಾರೂ ಗೆಲ್ಲದ ಶಾಂತಿ ಬೇಕು ಎಂದು ಭಾಷಣ ಮಾಡುವಾಗ ಸಬ್‌ಮರೀನ್ ಆಜ್ಞೆ ಹೊರಟು ಎರಡು ವಾರ ಆಗಿತ್ತು, ಅವರಿಗೆ ಗೊತ್ತಿರಲಿಲ್ಲ. ಆಜ್ಞೆ ಬಹಿರಂಗವಾದ ಮೇಲೆ, ಫೆಬ್ರವರಿ 3ರಂದು, ಅಮೆರಿಕ ಜರ್ಮನಿಯೊಂದಿಗಿನ ಸಂಬಂಧ ಕಡಿದುಕೊಂಡಿತು. ಆಗಲೂ ವಿಲ್ಸನ್ ಯುದ್ಧ ಸಾರಲಿಲ್ಲ, ಕಾದರು. ಜರ್ಮನಿಯ ವಿದೇಶಾಂಗ ಮಂತ್ರಿ ಸಿಮ್ಮರ್‌ಮನ್ ಮೆಕ್ಸಿಕೊಗೆ ಕಳಿಸಿದ್ದ ತಂತಿ ಮಾರ್ಚ್ 1ರ ಪತ್ರಿಕೆಗಳಲ್ಲಿ ಬಯಲಾಯಿತು: ಅಮೆರಿಕ ಯುದ್ಧಕ್ಕೆ ಬಂದರೆ ನಮ್ಮ ಜೊತೆ ಸೇರಿ, ಟೆಕ್ಸಾಸ್, ನ್ಯೂಮೆಕ್ಸಿಕೊ, ಅರಿಜೋನಾ ವಾಪಸು ಪಡೆಯಿರಿ. ಶಾಂತಿಯ ಮಾತುಕತೆಗೆಂದು ವಿಲ್ಸನ್ ಜರ್ಮನರಿಗೆ ಬಳಸಲು ಬಿಟ್ಟಿದ್ದ ಅಮೆರಿಕದ ರಾಯಭಾರ ತಂತಿಯಲ್ಲೇ ಈ ಸಂದೇಶ ವಾಷಿಂಗ್ಟನ್ ತಲುಪಿತ್ತು. ದಾರಿಯಲ್ಲಿ ಅದನ್ನು ಕದ್ದು ಬಿಡಿಸಿದವರು ಬ್ರಿಟಿಷ್ ನೌಕಾಪಡೆಯ ‘ರೂಮ್ 40’ರವರು. ಸುಳ್ಳು ಪತ್ರ ಎಂದು ವಾದಿಸಲು ಜರ್ಮನಿಯ ಪರವಾದವರು ಸಿದ್ಧರಾಗುವಷ್ಟರಲ್ಲಿ, ಮಾರ್ಚ್ 3ರಂದು, ಸಿಮ್ಮರ್‌ಮನ್ನನೇ ಹೌದು ನಾನೇ ಕಳಿಸಿದ್ದು ಎಂದ. ಅಲ್ಲಿಯವರೆಗೆ ದೂರದ ಗಲಾಟೆಯಾಗಿದ್ದದ್ದು ಟೆಕ್ಸಾಸಿನವನ ಹಿತ್ತಿಲಿಗೆ ಬಂತು. ಮಾರ್ಚ್ ಮಧ್ಯದಲ್ಲಿ ಮೂರು ಅಮೆರಿಕನ್ ಹಡಗುಗಳು ಮುಳುಗಿದವು. ಅದೇ ವಾರ ರಷ್ಯಾದ ಝಾರ್ ಸಿಂಹಾಸನ ಬಿಟ್ಟ. ಪ್ರಜಾಪ್ರಭುತ್ವಕ್ಕಾಗಿ ಯುದ್ಧ ಎನ್ನಲು ಇದ್ದ ಮುಜುಗರವೂ ಕಳೆಯಿತು.

ಏಪ್ರಿಲ್ 2ರ ರಾತ್ರಿ ವಿಲ್ಸನ್ ಕಾಂಗ್ರೆಸ್ಸಿನ ಮುಂದೆ ನಿಂತರು. ಸೆನೆಟ್ಟಿನಲ್ಲಿ ಪರ 82, ವಿರೋಧ 6. ಕೆಳಮನೆಯಲ್ಲಿ 373ಕ್ಕೆ 50. ನೆಬ್ರಾಸ್ಕದ ಜಾರ್ಜ್ ನಾರಿಸ್, ಬಾವುಟದ ಮೇಲೆ ಡಾಲರ್ ಚಿಹ್ನೆ ಬರೆಯುತ್ತಿದ್ದೇವೆ ಎಂದು ಗುಡುಗಿದರು. ಕಾಂಗ್ರೆಸ್ಸಿನ ಮೊದಲ ಮಹಿಳೆ ಜೆನೆಟ್ ರ‍್ಯಾಂಕಿನ್ ವಿರೋಧವಾಗಿ ಮತ ಹಾಕಿದರು. 19 ತಿಂಗಳ ಆ ಯುದ್ಧದಲ್ಲಿ ಅಮೆರಿಕದ ಸುಮಾರು 1,16,000 ಸೈನಿಕರು ಸತ್ತರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನರನ್ನು ಕೊಂದದ್ದು ಗುಂಡಲ್ಲ, ಇನ್‌ಫ್ಲುಯೆಂಜಾದಂಥ ಕಾಯಿಲೆ. ಯುದ್ಧದ ವಿರುದ್ಧ ಭಾಷಣ ಮಾಡಿದ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್‌ಗೆ ಹತ್ತು ವರ್ಷದ ಶಿಕ್ಷೆಯಾಯಿತು.

ಬೇರೆ ದಾರಿಯೇ ಇರಲಿಲ್ಲವೇ? ನಾರ್ವೆಯನ್ನು ನೋಡಿ. ಅದು ಸುಮಾರು 2,000 ನಾವಿಕರನ್ನು, ತನ್ನ ವ್ಯಾಪಾರಿ ಹಡಗುಗಳಲ್ಲಿ ಅರ್ಧದಷ್ಟನ್ನು ಕಳೆದುಕೊಂಡಿತು, ಯುದ್ಧಕ್ಕೆ ಇಳಿಯಲಿಲ್ಲ. ಹಾಲೆಂಡಿನದೂ ಅದೇ ಪಾಡು. ಚಿಕ್ಕವರು ಅವಮಾನ ನುಂಗಿದರು, ಏಕೆಂದರೆ ನುಂಗದೆ ಬೇರೆ ಗತಿ ಇರಲಿಲ್ಲ. ದೊಡ್ಡ ದೇಶಕ್ಕೆ ಅವಮಾನ ಬೇಗ ಗಂಟಲಲ್ಲಿ ಸಿಕ್ಕುತ್ತದೆ. 1918ರ ಮಾರ್ಚ್‌ನಲ್ಲಿ, ತಟಸ್ಥರ ಹಕ್ಕಿಗಾಗಿ ಮೂರು ವರ್ಷ ಪತ್ರ ಬರೆದಿದ್ದ ಅಮೆರಿಕವೇ ತನ್ನ ಬಂದರುಗಳಲ್ಲಿದ್ದ ಡಚ್ ಹಡಗುಗಳನ್ನು ವಶಪಡಿಸಿಕೊಂಡಿತು.

1934ರಲ್ಲಿ ಶುರುವಾದ ಸೆನೆಟರ್ ಜೆರಾಲ್ಡ್ ನೈ ಅವರ ಸಮಿತಿ ಮದ್ದುಗುಂಡಿನ ಕಾರ್ಖಾನೆಗಳ, ಬ್ಯಾಂಕುಗಳ ಕಡತ ಬಿಡಿಸಿ ಕೂತಿತು. ಜನರ ಸಿಟ್ಟು ಕಾನೂನಾಯಿತು. 1935ರ ಆಗಸ್ಟಿನ ತಾಟಸ್ಥ್ಯ ಕಾಯ್ದೆ ಕಾದಾಡುವ ದೇಶಗಳಿಗೆ ಶಸ್ತ್ರ ಮಾರುವುದನ್ನು ತಡೆಯಿತು, ಅವರ ಹಡಗು ಹತ್ತಿದರೆ ನಿಮ್ಮ ಪಾಡು ನಿಮ್ಮದು ಎಂದು ಪ್ರಜೆಗಳಿಗೆ ಹೇಳಿತು. ಮರುವರ್ಷ ಸಾಲವೂ ನಿಷೇಧವಾಯಿತು, ಅದರ ಮರುವರ್ಷ ಪ್ರಯಾಣವೂ. ಬ್ರಯನ್ 1914-15ರಲ್ಲಿ ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. ಅವರು ತೀರಿಕೊಂಡು ಹತ್ತು ವರ್ಷವಾಗಿತ್ತು. ಹಿಟ್ಲರ್ ಪೋಲೆಂಡಿಗೆ ನುಗ್ಗಿದ ಎರಡು ತಿಂಗಳಿಗೆ ಶಸ್ತ್ರ ಮಾರಾಟದ ಬಾಗಿಲು ತೆರೆಯಿತು: ನಗದು ಕೊಡಿ, ನಿಮ್ಮ ಹಡಗಿನಲ್ಲೇ ಒಯ್ಯಿರಿ. 1941ರ ಮಾರ್ಚ್ ಹೊತ್ತಿಗೆ ನಗದೂ ಬೇಡವಾಯಿತು. ಅದೇ ವರ್ಷದ ನವೆಂಬರ್ 13ರಂದು, ಅಮೆರಿಕದ ವ್ಯಾಪಾರಿ ಹಡಗುಗಳು ತೋಪು ಕೂರಿಸಿಕೊಂಡು ಬ್ರಿಟಿಷ್ ಬಂದರುಗಳಿಗೆ ಹೋಗಬಹುದೇ ಎಂಬ ಪ್ರಶ್ನೆ ಕೆಳಮನೆಯಲ್ಲಿ ಮತಕ್ಕೆ ಬಂತು. ಹೋಗಬಹುದು ಎಂದವರು 212, ಬೇಡ ಎಂದವರು 194.